ಮೂಲೆ ಯಾಕೆ ಏಳುತ್ತದೆ?

ಎಲ್ಲರಿಗೂ ನಮಸ್ಕಾರ. ಎಂಜಿನಿಯರ್‌ಗಳ ದಿನ ಬಂದರೆ ನಾವೆಲ್ಲ ಅಣೆಕಟ್ಟಿನ ಮಾತಾಡುತ್ತೇವೆ. ವಿಶ್ವೇಶ್ವರಯ್ಯನವರ ಹುಟ್ಟಿದ ದಿನ, ಆಡಬೇಕಾದ್ದೇ. ಈ ಸಲ ಅನುಮತಿ ಕೊಟ್ಟರೆ ಒಂದು ಗೇಣು ಅಗಲದ ಜಾಗದ ಬಗ್ಗೆ ಮಾತ್ರ ಮಾತಾಡುತ್ತೇನೆ. ಸ್ಲ್ಯಾಬ್ ಗೋಡೆಯ ಮೇಲೆ ಕೂರುವ ಜಾಗ, ಅಂದರೆ ಅದರ ಅಂಚು.

ಕಳೆದ ತಿಂಗಳು ಒಬ್ಬ ಹುಡುಗ ತನ್ನ ಸ್ಲ್ಯಾಬಿನ ಲೆಕ್ಕ ತಂದು ತೋರಿಸಿದ. ಅಚ್ಚುಕಟ್ಟಾದ ಲೆಕ್ಕ, ಸ್ಟ್ರೆಸ್, ಅಂದರೆ ಒಳಗೆ ಹುಟ್ಟುವ ಬಲ, ಎಲ್ಲಿ ಎಷ್ಟು ಅಂತ ತೋರಿಸುವ ಬಣ್ಣ ಬಣ್ಣದ ಚಿತ್ರ. "ಅಂಚು ಏನಂತ ತಗೊಂಡಿದ್ದೀಯಪ್ಪಾ?" ಅಂದೆ. "ಫಿಕ್ಸೆಡ್ ಸಾರ್." "ಯಾಕೆ?" "ಸಾಫ್ಟ್‌ವೇರಲ್ಲಿ ಹಾಗೇ ಬರುತ್ತೆ ಸಾರ್." ಫಿಕ್ಸೆಡ್ ಅಂದರೆ ಅಂಚು ಚೂರೂ ತಿರುಗದ ಹಾಗೆ ಬಿಗಿದಿದೆ ಅಂತ. ಹುಡುಗ ಬುದ್ಧಿವಂತ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಉತ್ತರ ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ನಮ್ಮ ಮನೆಯ ಹೆಣ್ಣುಮಕ್ಕಳು ಸೀರೆ ಅಂಗಡಿಗೆ ಹೋದರೆ ಮೊದಲು ಏನು ನೋಡುತ್ತಾರೆ? ಅಂಚು, ಸೆರಗು. ಒಡಲಿನ ಬಣ್ಣ ಆಮೇಲೆ. ನಾವು ಎಂಜಿನಿಯರ್‌ಗಳು ಒಡಲು ನೋಡುತ್ತೇವೆ: ಎಷ್ಟು ದಪ್ಪ, ಎಷ್ಟು ಭಾರ, ಎಷ್ಟು ಕಂಬಿ. ಅಂಚನ್ನು ಕೇಳುವುದೇ ಇಲ್ಲ.

ಒಂದು ಚೌಕದ ಫಲಕ, ಅಂದರೆ ಸ್ಲ್ಯಾಬಿನಂಥ ಚಪ್ಪಟೆ ಹಾಳೆ, ತಗೊಳ್ಳಿ. ಮೈತುಂಬ ಸಮನಾದ ಭಾರ ಹೇರಿ. ನಾಲ್ಕು ಅಂಚೂ ಗೋಡೆಯ ಮೇಲೆ ಸುಮ್ಮನೆ ಕೂತಿದ್ದರೆ ನಡುವಿನ ಬಾಗು 0.00406 ಕ್ಯೂ ಎ ಘಾತ ನಾಲ್ಕು ಬೈ ಡಿ. ಕ್ಯೂ ಅಂದರೆ ಚದರಕ್ಕೆ ಬೀಳುವ ಭಾರ, ಎ ಚೌಕದ ಬದಿ, ಡಿ ಫಲಕದ ಬಿಗುವು. ನಾಲ್ಕೂ ಅಂಚನ್ನು ಭದ್ರವಾಗಿ ಬಿಗಿದರೆ 0.00126. ಅದೇ ಫಲಕ, ಅದೇ ದಪ್ಪ, ಅದೇ ಭಾರ, ಆದರೂ ಬಾಗು ಮೂರು ಪಟ್ಟಿಗಿಂತ ಹೆಚ್ಚು. ನಮ್ಮ ಕಾಂಕ್ರೀಟ್ ಕೆಲಸದ ಕೋಡ್, ಅಂದರೆ ನಿಯಮದ ಪುಸ್ತಕ, ಐಎಸ್ 456ರ ಪಟ್ಟಿ ತೆಗೆಯಿರಿ. ಸುತ್ತಲೂ ಸ್ಲ್ಯಾಬ್ ಮುಂದುವರಿದಿರುವ ಒಳಗಿನ ಚೌಕ ಅಂಕಣಕ್ಕೆ ನಡುವಿನ ಮೊಮೆಂಟಿನ, ಅಂದರೆ ಬಾಗಿಸುವ ಪರಿಣಾಮದ, ಗುಣಾಂಕ 0.024, ನಾಲ್ಕು ಕಡೆಯೂ ಅಲ್ಲಲ್ಲೇ ಮುಗಿಯುವ ಒಂಟಿ ಕೋಣೆಗೆ 0.056. ಎರಡು ಪಟ್ಟಿಗೂ ಮೇಲೆ. ಫಿಕ್ಸೆಡ್ ಅಂತ ಒಂದು ಗುಂಡಿ ಒತ್ತಿದಾಗ ಕೈಬಿಟ್ಟು ಹೋಗುವುದು ಇಷ್ಟು.

ಗುಣಾಂಕ ಬೇಡ, ಕಿವಿಯಲ್ಲೇ ಕೇಳಬೇಕು ಅನ್ನುವವರು ದೇವಸ್ಥಾನಕ್ಕೆ ಹೋಗಿ. ಹಗ್ಗದಲ್ಲಿ ನೇತಾಡುವ ಜಾಗಟೆ ಬಡಿದರೆ ಬೀದಿಗೆಲ್ಲ ಕೇಳುತ್ತದೆ. ಅದರ ಅಂಚನ್ನು ಕೈಯಲ್ಲಿ ಹಿಡಿದು ಬಡಿಯಿರಿ, ಟಪ್ ಅನ್ನುತ್ತದೆ, ಅಷ್ಟೇ. ಕಂಚು ಬದಲಾಗಲಿಲ್ಲ, ಅಂಚು ಬದಲಾಯಿತು.

ಈಗ ಒಂದು ಮನೆಯ ಕಥೆ. ನಾನು ಕೆಲಸಕ್ಕೆ ಸೇರಿ ಮೂರೋ ನಾಲ್ಕೋ ವರ್ಷವಾಗಿತ್ತು. ಊರ ಹೊರಗೆ ಒಂಟಿ ಕೋಣೆ, ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ. ಮಳೆಗಾಲ ಬಂತೆಂದರೆ ಒಂದು ಮೂಲೆಯಲ್ಲಿ ನೀರು ಜಿನುಗುತ್ತದೆ. ಮನೆಯವರು ಎರಡು ಸಲ ಗಾರೆ ಕಿತ್ತು ಹಾಕಿಸಿದ್ದರು, ವಾಟರ್‌ಪ್ರೂಫಿಂಗ್ ಮಾಡಿಸಿದ್ದರು. ನಾನು ಹೋದಾಗ ವಯಸ್ಸಾದ ಮೇಸ್ತ್ರಿಯೊಬ್ಬರು ಜೊತೆಗೆ ಬಂದರು. ನಾನು ಟೇಪು, ಪುಸ್ತಕ ತೆಗೆಯುವಷ್ಟರಲ್ಲಿ ಅವರು ಏಣಿ ಹತ್ತಿ, ಜೇಬಿನಿಂದ ಒಂದು ಬಸ್ ಟಿಕೆಟ್ ತೆಗೆದು, ಪ್ಯಾರಪೆಟ್ ಇಲ್ಲದ ಇನ್ನೊಂದು ಮೂಲೆಯಲ್ಲಿ ಸ್ಲ್ಯಾಬಿಗೂ ಗೋಡೆಗೂ ನಡುವೆ ತೂರಿಸಿದರು. ಸಲೀಸಾಗಿ ಒಳಗೆ ಹೋಯಿತು. ಗೋಡೆಯ ಉದ್ದಕ್ಕೆ ಟಿಕೆಟ್ ಎಳೆಯುತ್ತಾ ಬಂದರು. ಎರಡು ಅಡಿ ಬಂದ ಮೇಲೆ ಸಿಕ್ಕಿಕೊಂಡಿತು. "ನೋಡಿ ಸಾರ್, ಮೂಲೆ ಎದ್ದೈತೆ" ಅಂದರು.

ಆಮೇಲೆ ಜಿನುಗುವ ಮೂಲೆಗೆ ಹೋದೆವು. ಅಲ್ಲಿ ನೀರಿನ ಟ್ಯಾಂಕ್ ಕೂರಿಸಿದ್ದರು, ಪ್ಯಾರಪೆಟ್ ಇತ್ತು. ಏಳಬೇಕೆಂದರೂ ಏಳಲು ಆಗದ ಮೂಲೆ. ಅಲ್ಲಿ ಸ್ಲ್ಯಾಬಿನ ಮೇಲ್ಮೈಯಲ್ಲಿ, ಮೂಲೆಯನ್ನು ಕತ್ತರಿಸಿದ ಹಾಗೆ, ಕರ್ಣಕ್ಕೆ ಅಡ್ಡಲಾಗಿ ಒಂದು ಬಿರುಕು. ಕೆಳಗೆ, ಕೋಣೆಯೊಳಗಿನಿಂದ ಕಾಣುವ ತಳಮೈಯಲ್ಲಿ, ಕರ್ಣದ ಉದ್ದಕ್ಕೆ ಇನ್ನೊಂದು ಕೂದಲೆಳೆ. ಬಿಟ್ಟ ಮೂಲೆ ಎದ್ದಿತ್ತು, ಹಿಡಿದ ಮೂಲೆ ಬಿರಿದಿತ್ತು. ಡ್ರಾಯಿಂಗ್ ತರಿಸಿ ನೋಡಿದೆ. ಮೂಲೆಯಲ್ಲಿ ಹಾಕಬೇಕಾದ ಜಾಲರಿ ಕಂಬಿ ಇರಲೇ ಇಲ್ಲ. ಕೆಳಗಿನ ಸಹಿ ನನ್ನದು. ಆ ಸಹಿ ನೋಡಿಕೊಂಡು ಏಣಿಯ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಭಾರ ಹೇರಿದ್ದು ಕೆಳಕ್ಕೆ. ಮೂಲೆ ಮೇಲಕ್ಕೆ ಏಳುವುದು ಯಾಕೆ? ಈ ಪ್ರಶ್ನೆಗೆ ಉತ್ತರ ಸಿಗಲು ಯುರೋಪಿಗೆ ಸುಮಾರು ನಾಲ್ವತ್ತು ವರ್ಷ ಹಿಡಿಯಿತು. ಅದರ ನಡುವೆ ಒಬ್ಬ ಹೆಣ್ಣುಮಗಳಿದ್ದಾಳೆ. ಅವಳ ಕಥೆ ಹೇಳದೆ ನಾನು ಈ ಪಾಠ ಮಾಡಿದ್ದೇ ಇಲ್ಲ, ಇವತ್ತೂ ಬಿಡುವುದಿಲ್ಲ.

ಸೋಫಿ ಜರ್ಮೇನ್, ಪ್ಯಾರಿಸ್, ಹುಟ್ಟಿದ್ದು 1776. ಫ್ರೆಂಚ್ ಕ್ರಾಂತಿಯ ಗಲಾಟೆಯಲ್ಲಿ ಹೊರಗೆ ಹೋಗುವಂತಿಲ್ಲ. ಅಪ್ಪನ ಪುಸ್ತಕಗಳ ಕೋಣೆ ಹೊಕ್ಕಳು. ಹುಡುಗಿಗೆ ಗಣಿತ ಯಾಕೆ ಅಂತ ಮನೆಯವರು ರಾತ್ರಿ ದೀಪ ಕಿತ್ತುಕೊಂಡರು, ಬೆಚ್ಚನೆಯ ಬಟ್ಟೆ ಕಿತ್ತುಕೊಂಡರು. ಅವಳು ಮೇಣದಬತ್ತಿ ಬಚ್ಚಿಟ್ಟುಕೊಂಡು ಓದಿದಳು. ಕಾಲೇಜಿಗೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. ಲೆಬ್ಲಾಂಕ್ ಅನ್ನುವ ಗಂಡಸಿನ ಹೆಸರಲ್ಲಿ ಅಲ್ಲಿ ಪಾಠ ಮಾಡುತ್ತಿದ್ದ ಗಣಿತಜ್ಞ ಲಗ್ರಾಂಜ್‌ಗೆ ಉತ್ತರ ಬರೆದು ಕಳಿಸಿದಳು. ಇಲ್ಲಿ ಮುಂದಿನ ಸಾಲಿನಲ್ಲಿ ಇಷ್ಟು ಜನ ಹೆಣ್ಣುಮಕ್ಕಳು ಕೂತಿದ್ದೀರಿ, ಎಲ್ಲರೂ ನಿಮ್ಮ ಹೆಸರಲ್ಲೇ ಪರೀಕ್ಷೆ ಬರೆಯುವವರು. ಇದನ್ನು ನೋಡಿದಾಗಲೆಲ್ಲ ನನಗೆ ಅವಳ ನೆನಪಾಗುತ್ತದೆ.

ಕ್ಲಾಡ್ನಿ ಎಂಬ ಜರ್ಮನ್ ವಿಜ್ಞಾನಿ ಪ್ಯಾರಿಸ್‌ಗೆ ಬಂದು, ಲೋಹದ ತಗಡಿನ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಉಜ್ಜಿ ತೋರಿಸಿದ. ಮರಳು ತಾನಾಗಿ ರಂಗೋಲಿಯಾಗುತ್ತದೆ. ತಗಡನ್ನು ಬೆರಳಲ್ಲಿ ಹಿಡಿಯುವ ಜಾಗ ಬದಲಿಸಿದರೆ ರಂಗೋಲಿಯೇ ಬೇರೆ. ನೆಪೋಲಿಯನ್ ನೋಡಿದ, ಬೆರಗಾದ. ಇದರ ಗಣಿತ ಹೇಳಿದವರಿಗೆ ಬಹುಮಾನ ಅಂತ ಫ್ರಾನ್ಸಿನ ವಿದ್ವತ್ಸಭೆ ಸಾರಿತು. 1811ರ ಗಡುವಿಗೆ ಬಂದದ್ದು ಒಂದೇ ಉತ್ತರ, ಸೋಫಿಯದು. ಅದರಲ್ಲಿ ತಪ್ಪಿತ್ತು. ತೀರ್ಪುಗಾರರಲ್ಲಿ ಒಬ್ಬರಾದ ಲಗ್ರಾಂಜ್ ಅವಳ ಊಹೆಯಿಂದಲೇ ಹೊರಟು ಸಮೀಕರಣ ಸರಿಪಡಿಸಿದರು. ಅವಳು 1813ರಲ್ಲಿ ಮತ್ತೆ ಬರೆದಳು, ಮೆಚ್ಚುಗೆಯ ಮಾತು ಮಾತ್ರ ಸಿಕ್ಕಿತು. ಮೂರನೇ ಸಲ ಬರೆದಳು. 1816ರ ಜನವರಿಯಲ್ಲಿ ಬಹುಮಾನ ಬಂತು. ಪಡೆಯಲು ಅವಳು ಸಭೆಗೆ ಹೋಗಲಿಲ್ಲ.

ಫಲಕದ ಒಡಲಿನ ಸಮೀಕರಣ 1811ರಲ್ಲೇ ಸಿಕ್ಕಿತು, ಗಮನಿಸಿ. ಅಂಚು ಮಾತ್ರ ಯಾರ ಕೈಗೂ ಸಿಗಲಿಲ್ಲ. ಫ್ರೆಂಚ್ ಗಣಿತಜ್ಞ ಪ್ವಾಸೋನ್ 1829ರಲ್ಲಿ ಹೇಳಿದರು: ಯಾವ ಆಸರೆಯೂ ಇಲ್ಲದ ಬಿಡಿ ಅಂಚಿನಲ್ಲಿ ಮೂರು ಸೊನ್ನೆಯಾಗಬೇಕು. ಬಾಗಿಸುವ ಮೊಮೆಂಟ್ ಸೊನ್ನೆ, ತಿರುಚುವ ಮೊಮೆಂಟ್ ಸೊನ್ನೆ, ಶಿಯರ್, ಅಂದರೆ ಕತ್ತರಿಸುವ ಬಲ, ಸೊನ್ನೆ. ಕೇಳಲು ಎಷ್ಟು ಸಹಜ! ಆದರೆ ನಾಲ್ಕನೇ ದರ್ಜೆಯ ಸಮೀಕರಣ ಪ್ರತಿ ಅಂಚಿಗೆ ಎರಡೇ ಷರತ್ತು ತಾಳುತ್ತದೆ. ಮೂರನೆಯದಕ್ಕೆ ಜಾಗವಿಲ್ಲ. 1850ರಲ್ಲಿ ಜರ್ಮನ್ ವಿಜ್ಞಾನಿ ಕಿರ್ಕಾಫ್, ಆಗಿನ್ನೂ 26ರ ಹುಡುಗ, ಶಕ್ತಿಯ ಲೆಕ್ಕದಿಂದ ತೋರಿಸಿದ: ತಿರುಚುವುದೂ ಶಿಯರೂ ಬೇರೆ ಬೇರೆ ಷರತ್ತಲ್ಲ, ಎರಡೂ ಸೇರಿ ಒಂದು. ಅದು ಯಾಕೆ ಹಾಗೆ ಅಂತ ಕಣ್ಣಿಗೆ ಕಾಣುವಂತೆ ಹೇಳಿದ್ದು ಬ್ರಿಟನ್ನಿನ ವಿಜ್ಞಾನಿಗಳಾದ ಕೆಲ್ವಿನ್ ಮತ್ತು ಟೇಟ್, 1867ರಲ್ಲಿ.

ಅದನ್ನು ಇಲ್ಲೇ ಮಾಡಿ ನೋಡೋಣ. ಮುಂದಿನ ಸಾಲಿನವರು ನಿಮ್ಮ ಕುರ್ಚಿಯ ಕೈಗಳನ್ನು ಹಿಡಿದುಕೊಳ್ಳಿ. ಇಬ್ಬರ ನಡುವೆ ಒಂದೇ ಕೈ ಇದೆಯಲ್ಲ, ಒಳ್ಳೆಯದೇ ಆಯಿತು. ಎಲ್ಲರೂ ಬಲಗಡೆಯದನ್ನು ಮೇಲಕ್ಕೆ ಎಳೆಯಿರಿ, ಎಡಗಡೆಯದನ್ನು ಕೆಳಕ್ಕೆ ಒತ್ತಿ. ಪ್ರತಿಯೊಬ್ಬರೂ ಕುರ್ಚಿಯನ್ನು ತಿರುಚುತ್ತಿದ್ದೀರಿ. ಆದರೆ ನಡುವಿನ ಯಾವ ಕೈಯೂ ಅಲ್ಲಾಡುತ್ತಿಲ್ಲ, ಯಾಕೆಂದರೆ ನೀವು ಎತ್ತಿದ್ದನ್ನು ಪಕ್ಕದವರು ಒತ್ತುತ್ತಿದ್ದಾರೆ. ಇಬ್ಬರ ಬಲದಲ್ಲಿ ಹೆಚ್ಚುಕಡಿಮೆ ಇದ್ದರೆ ಆ ವ್ಯತ್ಯಾಸವಷ್ಟೇ ಶಿಯರ್ ಜೊತೆ ಸೇರುತ್ತದೆ. ಈಗ ಸಾಲಿನ ಬಲಗಡೆಯ ಕೊನೆಯಲ್ಲಿ ಕೂತವರನ್ನು ನೋಡಿ. ಅವರ ಆ ಕಡೆಗೆ ಯಾರೂ ಇಲ್ಲ. ಅವರು ಎತ್ತಿದ್ದು ಹಾಗೇ ಉಳಿಯಿತು. ಫಲಕದ ಮೂಲೆಯಲ್ಲಿ ಎರಡು ಸಾಲು ಬಂದು ಸೇರುತ್ತವೆ. ಎರಡರ ಉಳಿಕೆಯೂ ಒಂದೇ ದಿಕ್ಕಿಗೆ. ಮೇಸ್ತ್ರಿಯ ಬಸ್ ಟಿಕೆಟ್ ತೂರಿದ್ದು ಅಲ್ಲಿಗೆ.

ಎಷ್ಟಿರುತ್ತದೆ ಆ ಬಲ? ನಾಲ್ಕು ಮೀಟರ್ ಚೌಕದ ಕೋಣೆ, ಚದರ ಮೀಟರಿಗೆ ಒಂದು ಟನ್ ಭಾರ ಹಿಡಿಯಿರಿ. ಒಟ್ಟು 16 ಟನ್. ಮೂಲೆಯ ಬಲ ಒಟ್ಟು ಭಾರದ 0.065 ಪಾಲು, ಅಂದರೆ ಒಂದೊಂದು ಮೂಲೆಯನ್ನೂ ಸುಮಾರು ಒಂದು ಟನ್‌ನಷ್ಟು ಕೆಳಕ್ಕೆ ಹಿಡಿದಿರಬೇಕು. ಹಾಗಾಗಿ ನಾಲ್ಕು ಅಂಚುಗಳು ಹೊರುವುದು ಹದಿನಾರಲ್ಲ, ಇಪ್ಪತ್ತು ಟನ್! ಸ್ಲ್ಯಾಬಿನ ಮೇಲೆ ಇಲ್ಲದ ನಾಲ್ಕು ಟನ್ ಎಲ್ಲಿಂದ ಬಂತು ಅಂದರೆ ಮೂಲೆಯಿಂದ. ಒಡಲನ್ನು ಮಾತ್ರ ನೋಡುವವನಿಗೆ ಈ ನಾಲ್ಕು ಟನ್ ಕಾಣುವುದೇ ಇಲ್ಲ.

ಇದಕ್ಕೇ ಕೋಡ್ ಹೇಳುವುದು: ಎರಡೂ ಅಂಚು ಸುಮ್ಮನೆ ಕೂತಿರುವ ಮೂಲೆಯಲ್ಲಿ, ಮೇಲೆ ಕೆಳಗೆ ಸೇರಿ ನಾಲ್ಕು ಪದರ ಕಂಬಿ, ಕೋಣೆಯ ಚಿಕ್ಕ ಬದಿಯ ಐದನೇ ಒಂದರಷ್ಟು ದೂರ, ಪ್ರತಿ ಪದರವೂ ನಡುವಿನ ಕಂಬಿಯ ಮುಕ್ಕಾಲು ಭಾಗ. ಆ ಕೋಣೆಗೆ 80 ಸೆಂಟಿಮೀಟರ್. ಮೋಲ್ಡ್ ಹಾಕುವ ದಿನ ಬೆಳಿಗ್ಗೆ, ಜಲ್ಲಿ ಮಿಕ್ಸರ್ ತಿರುಗುವ ಮುಂಚೆ, ಹತ್ತು ನಿಮಿಷ ನಾಲ್ಕೂ ಮೂಲೆ ಸುತ್ತಿ ಬನ್ನಿ. ಮೇಲಿನ ಜಾಲರಿಯನ್ನು ಕೂಲಿಯವರು ತುಳಿದು ಕೆಳಗೆ ಇಳಿಸಿರುತ್ತಾರೆ. ಅದನ್ನು ಎತ್ತಿ ಕಟ್ಟಿಸಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಚಿಪ್ಪುಗಳ ಬಗ್ಗೆ, ಅಂದರೆ ತೊಟ್ಟಿ, ಗುಮ್ಮಟದಂಥ ಬಾಗಿದ ತೆಳು ಶೆಲ್‌ಗಳ ಬಗ್ಗೆ, ಅರ್ಧ ಗಂಟೆ ಇಟ್ಟುಕೊಂಡಿದ್ದೆ. ಐದು ನಿಮಿಷದಲ್ಲಿ ಮುಗಿಸುತ್ತೇನೆ.

ಹತ್ತು ಮೀಟರ್ ವ್ಯಾಸದ ದುಂಡು ನೀರಿನ ತೊಟ್ಟಿ, ಗೋಡೆ 20 ಸೆಂಟಿಮೀಟರ್. ನೀರಿನ ಒತ್ತಡಕ್ಕೆ ಗೋಡೆ ಹಿಗ್ಗಬೇಕು. ತಳಕ್ಕೆ ಬಿಗಿದ ಅಂಚು ಹಿಗ್ಗಲು ಬಿಡುವುದಿಲ್ಲ. ಅಲ್ಲಿ ಬಾಗು ಹುಟ್ಟುತ್ತದೆ. ಎಷ್ಟು ದೂರ? ತ್ರಿಜ್ಯ ಗುಣಿಸು ದಪ್ಪ, ಅದರ ವರ್ಗಮೂಲ. ಇಲ್ಲಿ ಐದು ಗುಣಿಸು 0.2, ಒಂದು, ವರ್ಗಮೂಲವೂ ಒಂದು ಮೀಟರ್. ಅದರ ಎರಡೂವರೆ ಪಟ್ಟು ಮೇಲೆ ಹೋಗುವಷ್ಟರಲ್ಲಿ ಅಂಚಿನ ತಂಟೆ ನೂರಕ್ಕೆ ನಾಲ್ಕಕ್ಕೆ ಇಳಿದಿರುತ್ತದೆ. ಆದರೆ ಆ ಎರಡೂವರೆ ಮೀಟರಿನಲ್ಲೇ ತೊಟ್ಟಿಯ ಸೋರಿಕೆಯ ಕಥೆಯೆಲ್ಲ ಇದೆ. ಬಿಗಿದ ಅಂಚಿನಲ್ಲಿ ಬಾಗಿನ ಸ್ಟ್ರೆಸ್, ಗೋಡೆಯನ್ನು ಸುತ್ತಲೂ ಎಳೆಯುವ ಸುತ್ತುಗಟ್ಟಿನ ಸ್ಟ್ರೆಸ್‌ನ 1.8 ಪಟ್ಟಿಗೆ ಏರುತ್ತದೆ.

ಇನ್ನು ಗುಮ್ಮಟ. ಅರ್ಧಗೋಳ ತನ್ನ ಭಾರಕ್ಕೇ, ನೆತ್ತಿಯಿಂದ ಸುಮಾರು 52 ಡಿಗ್ರಿ ಇಳಿದ ಮೇಲೆ, ಅಡ್ಡಕ್ಕೆ ಹಿಗ್ಗಿ ಮೇಲಿಂದ ಕೆಳಕ್ಕೆ ಬಿರಿಯಲು ನೋಡುತ್ತದೆ. ರೋಮಿನ ಸಂತ ಪೀಟರ್ ಗುಮ್ಮಟ ಬಿರುಕು ಬಿಟ್ಟಾಗ, 1740ರ ದಶಕದಲ್ಲಿ, ಕಬ್ಬಿಣದ ಬಳೆ ತೊಡಿಸಿದರು. ನಮ್ಮ ವಿಜಯಪುರದ ಗೋಲ್ ಗುಂಬಜ್ ನೋಡಿ, ಒಳವ್ಯಾಸ ಸುಮಾರು 38 ಮೀಟರ್. ಒಂದನ್ನೊಂದು ಹಾಯುವ ಎಂಟು ಕಮಾನು ಕಟ್ಟಿ, ಚೌಕವನ್ನು ಎಂಟು ಮೂಲೆ ಮಾಡಿ, ಕಮಾನುಗಳ ನಡುವಿನ ಕಲ್ಲುಗಾರೆಯ ಭಾರವನ್ನು ಒಳಕ್ಕೆ ಚಾಚಿಸಿದ್ದಾರೆ. ಗುಮ್ಮಟ ಹೊರಕ್ಕೆ ತಳ್ಳಿದರೆ ಅದು ಒಳಕ್ಕೆ ತೂಗುತ್ತದೆ. ಅಲ್ಲಿಗೆ ಹೋದವರೆಲ್ಲ ಪಿಸುಮಾತು ಕೇಳಿ ಇಳಿದು ಬರುತ್ತಾರೆ. ಮುಂದಿನ ಸಲ ಹೋದಾಗ ನೆಲದ ನಡುವೆ ನಿಂತು ಆ ಕಮಾನುಗಳನ್ನು ಐದು ನಿಮಿಷ ನೋಡಿ. 17ನೇ ಶತಮಾನದಲ್ಲಿ ಸಮೀಕರಣವಿಲ್ಲದೆ ಅಂಚನ್ನು ಕೇಳಿ ಕಟ್ಟಿದವರ ಕೈ ಕಾಣುತ್ತದೆ.

ಎರಡನೇ ಚೀಟಿಯೂ ಬಂತು. ಈ ಮೇಜಿನ ಮೇಲೆ ಒಂದು ಚೌಕದ ತಗಡು, ನಾಲ್ಕು ಪಟ್ಟಿಯ ಮರದ ಚೌಕಟ್ಟು ಇಟ್ಟಿದ್ದೇನೆ. ಪ್ರಶ್ನೆ ಇರುವವರು ಇಲ್ಲಿಗೆ ಬನ್ನಿ. ತಗಡನ್ನು ಚೌಕಟ್ಟಿನ ಮೇಲಿಟ್ಟು ನಡುವೆ ಹೆಬ್ಬೆರಳಲ್ಲಿ ಒತ್ತಿ, ನಿಮ್ಮ ಸ್ನೇಹಿತರಿಗೆ ಮೂಲೆ ನೋಡಲು ಹೇಳಿ. ಬಸ್ ಟಿಕೆಟ್ ನನ್ನ ಹತ್ತಿರ ಇದೆ, ಕೊಡುತ್ತೇನೆ.