ತಾಯಿ ಕೊಂಡ ಹಾಳೆಗಳು, ಮಗ ಕೊಂಡ ಚೀಟಿ

ಸಭಿಕರೇ,

ಅಮೆರಿಕದಲ್ಲಿ 'ಬಾಂಡ್ ರಾಜ' (ಬಾಂಡ್ ಎಂದರೆ ಬಡ್ಡಿ ತರುವ ಸಾಲಪತ್ರ) ಎಂದೇ ಹೆಸರಾದ ಹೂಡಿಕೆದಾರ ವಿಲಿಯಂ ಗ್ರಾಸ್ ಅವರ ಅಂಚೆಚೀಟಿ ಸಂಗ್ರಹದ ಕಥೆಯನ್ನು ಅವರ ತಾಯಿಗೆ ಆದ ನಿರಾಸೆಯಿಂದಲೇ ಆರಂಭಿಸಬೇಕು. ಮಗನ ಕಾಲೇಜಿನ ಖರ್ಚಿಗೆ ಆದೀತೆಂದು ಆಕೆ ಸ್ಮರಣಾರ್ಥ ಅಂಚೆಚೀಟಿಗಳ ಇಡೀ ಹಾಳೆಗಳನ್ನೇ ಕೊಂಡು ಜೋಪಾನವಾಗಿ ಎತ್ತಿಟ್ಟಿದ್ದರು. ಮುಂದೆ ಮಗ ಅವನ್ನು ವ್ಯಾಪಾರಿಗಳ ಬಳಿಗೆ ಒಯ್ದಾಗ ಮುಖಬೆಲೆಯೂ ಗಿಟ್ಟಲಿಲ್ಲ. ಲಕ್ಷಗಟ್ಟಲೆ ಅಚ್ಚಾದ ಚೀಟಿಗಳನ್ನು ಆಕೆಯಂತೆಯೇ ಎಷ್ಟೋ ಜನ ಕೂಡಿಟ್ಟಿದ್ದರು. ಎಲ್ಲರ ಪೆಟ್ಟಿಗೆಯಲ್ಲೂ ಇರುವ ವಸ್ತುವಿಗೆ ಬೆಲೆ ಏರುವುದಾದರೂ ಹೇಗೆ? ಹೊಸ ಚೀಟಿ ಬಿಡುಗಡೆಯಾದ ದಿನವೇ ಮುದ್ರೆ ಒತ್ತಿಸಿಕೊಂಡ 'ಮೊದಲ ದಿನದ ಲಕೋಟೆ'ಗಳನ್ನು ಕಟ್ಟುಗಟ್ಟಲೆ ಇಟ್ಟುಕೊಂಡಿರುವ ನಮ್ಮ ಸಂಗ್ರಾಹಕರಿಗೂ ಈ ಪ್ರಶ್ನೆ ಅಪರಿಚಿತವಲ್ಲ.

1944ರಲ್ಲಿ ಒಹಾಯೊ ರಾಜ್ಯದ ಮಿಡ್ಲ್‌ಟೌನ್‌ನಲ್ಲಿ ಹುಟ್ಟಿದ ಗ್ರಾಸ್ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಮನಃಶಾಸ್ತ್ರ. 1966ರಲ್ಲಿ 200 ಡಾಲರ್ ಹಿಡಿದುಕೊಂಡು ಲಾಸ್ ವೇಗಸ್‌ಗೆ ಹೋದ ಅವರು ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟು ಜೂಜಿನಲ್ಲಿ ಎಲೆಗಳ ಲೆಕ್ಕವಿಟ್ಟು, ಕೆಲವೇ ತಿಂಗಳುಗಳಲ್ಲಿ ಅದನ್ನು 10,000 ಡಾಲರ್ ಮಾಡಿಕೊಂಡು ಬಂದರು. ನೌಕಾಪಡೆಯ ಸೇವೆ ಮುಗಿಸಿ, ವ್ಯವಹಾರ ಆಡಳಿತದ ಪದವಿ ಪಡೆದು, 1971ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ಇಬ್ಬರು ಜೊತೆಗಾರರೊಂದಿಗೆ ಪಿಮ್ಕೊ ಎಂಬ ಹೂಡಿಕೆ ಸಂಸ್ಥೆಯನ್ನು ಸ್ಥಾಪಿಸಿದರು. ಅದುವರೆಗೆ ವಿಮಾ ಕಂಪನಿಗಳು ಬಾಂಡ್‌ಗಳನ್ನು ತಿಜೋರಿಯಲ್ಲಿಟ್ಟು, ಅವಧಿ ಮುಗಿಯುವ ತನಕ ಬಡ್ಡಿ ಎಣಿಸುತ್ತಾ ಕೂರುತ್ತಿದ್ದವು. ಬಡ್ಡಿದರ ಏರಿದಾಗ ಇಳಿಯುವ, ಇಳಿದಾಗ ಏರುವ ಅವುಗಳ ಬೆಲೆಯನ್ನು ನೋಡಿಕೊಂಡು ಷೇರುಗಳಂತೆಯೇ ಕೊಂಡು ಮಾರಬಹುದೆಂದು ತೋರಿಸಿದವರಲ್ಲಿ ಗ್ರಾಸ್ ಮುಖ್ಯರು. ಅವರು ನಡೆಸಿದ ನಿಧಿ 2013ರಲ್ಲಿ 29,000 ಕೋಟಿ ಡಾಲರ್ ದಾಟಿ, ಆಗಿನ ಜಗತ್ತಿನ ಅತಿ ದೊಡ್ಡ ಮ್ಯೂಚುಯಲ್ ಫಂಡ್ ಎನಿಸಿತ್ತು. ಮರುವರ್ಷವೇ ಅವರು ಆ ಸಂಸ್ಥೆಯನ್ನು ಕಹಿಯಾಗಿ ಬಿಟ್ಟು ಹೊರಬಂದದ್ದು ಬೇರೆಯೇ ಕಥೆ.

ನಮಗೆ ಬೇಕಾದದ್ದು ಚೀಟಿಗಳು. ತಾಯಿಯ ಆಲೋಚನೆ ತಪ್ಪಲ್ಲ, ಆಯ್ಕೆ ಮಾತ್ರ ತಪ್ಪು ಎಂದು ತೋರಿಸಲೋ ಎಂಬಂತೆ ಗ್ರಾಸ್ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಚೀಟಿಗಳನ್ನೆಲ್ಲ ಕೂಡಿಸಲು ಹೊರಟರು. ಕೊನೆಗೆ ಉಳಿದದ್ದು ಒಂದೇ: 1868ರ ಒಂದು ಸೆಂಟ್‌ನ 'ಝಡ್ ಗ್ರಿಲ್'. ಬಳಸಿದ ಚೀಟಿಯ ಮುದ್ರೆಯನ್ನು ತೊಳೆದು ಮತ್ತೆ ಅಂಟಿಸುವವರ ಕಾಟ ತಡೆಯಲು ಆಗ ಕಾಗದದ ಮೇಲೆ ಸಣ್ಣ ಚೌಕಗಳ ಜಾಲವನ್ನು ಒತ್ತುತ್ತಿದ್ದರು. ಎಳೆ ಬಿರಿದ ಕಾಗದ ಮುದ್ರೆಯ ಶಾಯಿಯನ್ನು ಒಳಕ್ಕೆ ಹೀರಿಕೊಳ್ಳಲಿ ಎಂಬುದು ಉದ್ದೇಶ. ಆ ಒತ್ತುಗಳಲ್ಲೊಂದು ಬಗೆಯದು ಈ ಚೀಟಿ, ತಿಳಿದಿರುವ ಪ್ರತಿಗಳು ಎರಡೇ. ಒಂದು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಸ್ವತ್ತು. ಹಾಗಾಗಿ ಪೂರ್ಣ ಸಂಗ್ರಹದ ಭಾಗ್ಯ ಒಮ್ಮೆಗೆ ಒಬ್ಬರಿಗಷ್ಟೇ!

ಇನ್ನೊಂದನ್ನು ಮಿಸ್ಟಿಕ್ ಎಂಬ ಅಂಚೆಚೀಟಿ ಕಂಪನಿ 1998ರಲ್ಲಿ 9,35,000 ಡಾಲರಿಗೆ ಕೊಂಡಿತ್ತು. 2005ರ ಅಕ್ಟೋಬರ್‌ನಲ್ಲಿ ಗ್ರಾಸ್, ವಿಮಾನದ ಚಿತ್ರ ತಲೆಕೆಳಗಾಗಿ ಅಚ್ಚಾದ 1918ರ ಪ್ರಸಿದ್ಧ 'ಇನ್ವರ್ಟೆಡ್ ಜೆನ್ನಿ'ಯ ನಾಲ್ಕು ಚೀಟಿಗಳ ತುಂಡನ್ನು ಹರಾಜಿನಲ್ಲಿ 29.7 ಲಕ್ಷ ಡಾಲರಿಗೆ ಹಿಡಿದರು. ಅದು ತಮಗಾಗಿ ಅಲ್ಲ. ಕೆಲವೇ ದಿನಗಳಲ್ಲಿ ಅದನ್ನು ಮಿಸ್ಟಿಕ್‌ಗೆ ಕೊಟ್ಟು ಆ ಒಂದು ಸೆಂಟ್‌ನ ಚೀಟಿಯನ್ನು ಪಡೆದರು. ಶಾಲಾ ಮಕ್ಕಳು ಊಟದ ಬಿಡುವಿನಲ್ಲಿ ಮಾಡುವ ವಿನಿಮಯವೇ ಇದು, ಸೊನ್ನೆಗಳಷ್ಟೇ ಹೆಚ್ಚು.

ಕೂಡಿಸಿದ್ದನ್ನು ಅವರು ಕೊಟ್ಟದ್ದೂ ಉಂಟು. 2007ರಲ್ಲಿ ತಮ್ಮ ಬ್ರಿಟಿಷ್ ಚೀಟಿಗಳನ್ನು ಹರಾಜು ಹಾಕಿ, ಬಂದ 91 ಲಕ್ಷ ಡಾಲರನ್ನು 'ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್' ಎಂಬ ವೈದ್ಯಕೀಯ ಸೇವಾಸಂಸ್ಥೆಗೆ ನೀಡಿದರು. ಆಸ್ಪತ್ರೆಗಳಿಗೂ ವಿಶ್ವವಿದ್ಯಾಲಯಗಳಿಗೂ ದೊಡ್ಡ ದೇಣಿಗೆಗಳು ಹೋದವು. ನನಗೆ ಹೆಚ್ಚು ಹಿಡಿಸಿದ್ದು ವಾಷಿಂಗ್ಟನ್ನಿನ ರಾಷ್ಟ್ರೀಯ ಅಂಚೆ ವಸ್ತುಸಂಗ್ರಹಾಲಯಕ್ಕೆ 2009ರಲ್ಲಿ ಘೋಷಿಸಿದ 80 ಲಕ್ಷ ಡಾಲರಿನ ಕೊಡುಗೆ. ಅದರಿಂದ ರೂಪುಗೊಂಡ, ಅವರದೇ ಹೆಸರಿನ ಚೀಟಿಗಳ ಭವನ 2013ರ ಸೆಪ್ಟೆಂಬರ್ 22ರಂದು ತೆರೆಯಿತು. ಪ್ರವೇಶಕ್ಕೆ ಹಣವಿಲ್ಲ; ಕೋಟ್ಯಧೀಶರ ಕಪಾಟಿನಲ್ಲಿ ಕತ್ತಲು ಕಾಣಬೇಕಾದ ಚೀಟಿಗಳ ಎದುರು ಅಲ್ಲಿ ಯಾರಾದರೂ ನಿಂತು ನೋಡಬಹುದು.

2024ರ ಜೂನ್‌ನಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಗ್ರಾಸ್ ಝಡ್ ಗ್ರಿಲ್ಲನ್ನೂ ನ್ಯೂಯಾರ್ಕಿನಲ್ಲಿ ಹರಾಜಿಗಿಟ್ಟರು. ಅದು ಸುಮಾರು 44 ಲಕ್ಷ ಡಾಲರಿಗೆ ಹೋಯಿತು.