ಅಜ್ಜಿಯ ಕೋಲು

ಕೇಳುಗರಿಗೆ ನಮಸ್ಕಾರ.

ನಾನು ಫಿಸಿಯೋಥೆರಪಿಸ್ಟ್. ವಾರಕ್ಕೆರಡು ದಿನ ಒಂದು ವೃದ್ಧಾಶ್ರಮಕ್ಕೆ ಹೋಗುತ್ತೇನೆ. ಅಲ್ಲೊಬ್ಬರು ಅಜ್ಜಿ. ದಿನಾ ಬೆಳಗ್ಗೆ ತಾವೇ ಅಂಗಳಕ್ಕೆ ಹೋಗಿ ಪಾರಿಜಾತ ಆಯ್ದು ತರುತ್ತಿದ್ದರು. ಒಂದು ದಿನ ಮೆಟ್ಟಿಲ ಹತ್ತಿರ ಜಾರಿದರು. ಪೆಟ್ಟೇನೂ ಆಗಲಿಲ್ಲ, ಆದರೆ ಎಲ್ಲರೂ ಹೆದರಿದರು. "ನೀವು ಏಳಬೇಡಿ ಅಜ್ಜಿ, ನಾವೇ ತಂದುಕೊಡ್ತೀವಿ." ಕಾಫಿ ಕೂತಲ್ಲಿಗೆ, ತಿಂಡಿ ಕೂತಲ್ಲಿಗೆ, ಹೂವೂ ಕೂತಲ್ಲಿಗೆ. ನಾನು ಆಗ ಊರಲ್ಲಿರಲಿಲ್ಲ. ಮೂರು ವಾರ ಬಿಟ್ಟು ಬಂದಾಗ ಅವರನ್ನು ಕುರ್ಚಿಯಿಂದ ಏಳಿಸೋಕೆ ಇಬ್ಬರು ಬೇಕಾಗಿತ್ತು.

ವಯಸ್ಸಾದವರ ಸ್ನಾಯು ಅಷ್ಟು ಬೇಗ ಕರಗುತ್ತದೆ. ಗಟ್ಟಿಮುಟ್ಟಾದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಒಂದು ಅಧ್ಯಯನದಲ್ಲಿ, ಕಾಲುಗಳಿಂದಲೇ ಹತ್ತಿರ ಹತ್ತಿರ 1 ಕೆ.ಜಿ. ಮಾಂಸಖಂಡ ಇಳಿದಿತ್ತು. ಕಾಲಿನ ಬಲ ಹೋದವರೇ ಜಾಸ್ತಿ ಬೀಳುವುದು, ಅಲ್ವಾ?

ಹಾಗಂತ ಸುಮ್ನೆ "ನಡೀರಿ, ನಡೀರಿ" ಅಂದರೂ ಆಗದು. ಮೊದಲು ಅಜ್ಜಿಯ ಕೋಲು ತಿರುಗಿಸಿ ನೋಡಿದೆ. ತುದಿಯ ರಬ್ಬರ್ ಬುಷ್ ಸವೆದು ಒಳಗಿನ ಮರ ಕಾಣುತ್ತಿತ್ತು. ಜಾರದೆ ಇನ್ನೇನು? ಅಷ್ಟು ದಿನದಿಂದ ಹೋಗುತ್ತಿದ್ದರೂ ನಾನೇ ಅದನ್ನು ಗಮನಿಸಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ. ಅವರಿಗೆ ನೋವು ಬಲಮಂಡಿಯಲ್ಲಿ; ಕೋಲು ಹಿಡಿದದ್ದೂ ಬಲಗೈಯಲ್ಲೇ. ಅದು ಎಡಗೈಯಲ್ಲಿರಬೇಕು. ಬಲಗಾಲು ಮುಂದೆ ಹೋಗುವಾಗ ಜೊತೆಗೇ ಕೋಲೂ ಹೋಗಬೇಕು. ಕೈ ಇಳಿಬಿಟ್ಟು ನಿಂತರೆ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಅಜ್ಜಿಯದು ತೀರಿಹೋದ ಯಜಮಾನರ ಕೋಲು, ನಾಲ್ಕು ಬೆರಳು ಉದ್ದ ಜಾಸ್ತಿ. ಕತ್ತರಿಸೋಣ ಅಂದರೆ ಒಪ್ಪಲಿಲ್ಲ. ನಡೆಯೋಕೆ ಹೊಸದು ತಂದೆವು. ಹಳೆಯದು ಮಂಚದ ಪಕ್ಕ ನಿಂತಿದೆ.

ಆಮೇಲೆ ಏಳುವ ಅಭ್ಯಾಸ. ಕೈಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಬೇಕು. ಪ್ಲಾಸ್ಟಿಕ್ಕಿನದು ಬೇಡ, ವಾಲುತ್ತದೆ. ಅಂಚಿಗೆ ಸರಿದು, ಪಾದ ಹಿಂದಕ್ಕೆಳೆದು, ಮೂಗು ಮಂಡಿ ದಾಟುವಷ್ಟು ಬಾಗಿ ಏಳಬೇಕು. ಮೊದಲ ದಿನ ಎರಡೇ ಸಲ. ಆಯಾಗಳಿಗೆ ನಾನು ಹೇಳಿದ್ದು: ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಪಕ್ಕದಲ್ಲಿ ನಿಂತು ಕಾಯಿರಿ. ಕಾಯುವುದೇ ಕಷ್ಟ. ಎತ್ತಿಬಿಟ್ಟರೆ ಹತ್ತು ಸೆಕೆಂಡು, ಅಜ್ಜಿ ತಾವೇ ಎದ್ದರೆ ಎರಡು ನಿಮಿಷ. ಒಬ್ಬ ಆಯಾ ಹನ್ನೆರಡು ಜನರನ್ನು ನೋಡಬೇಕಾದ ಕಡೆ ಎರಡು ನಿಮಿಷ ಸಣ್ಣದಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ, ಕೆಲಸಕ್ಕೆ ಇನ್ನಷ್ಟು ಜನ ಬೇಕು.

ರಾತ್ರಿ ಇನ್ನೂ ಹುಷಾರು. ಥಟ್ಟನೆ ಎದ್ದರೆ ಬಿ.ಪಿ. ಇಳಿದು ತಲೆ ಸುತ್ತುತ್ತದೆ, ಬಿ.ಪಿ. ಮಾತ್ರೆ, ನಿದ್ದೆ ಮಾತ್ರೆ ತಗೊಳ್ಳುವವರಿಗೆ ಇನ್ನೂ ಜಾಸ್ತಿ. ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು ಏಳಲಿ. ಬಚ್ಚಲಿನ ದಾರಿಗೆ ಒಂದು ಸಣ್ಣ ದೀಪ ಇರಲಿ. ಕಮೋಡಿನ ಪಕ್ಕ ಗೋಡೆಗೆ ಹಿಡಿ ಕೂರಿಸಿ. ಟವೆಲ್ ಹಾಕುವ ಸರಳನ್ನು ನಂಬಬೇಡಿ, ಭಾರ ಬಿದ್ದರೆ ಕಿತ್ತು ಬರುತ್ತದೆ.

ಈಗ ಅಜ್ಜಿ ಪಾರಿಜಾತದವರೆಗೆ ನಡೆಯುತ್ತಾರೆ, ಆಯಾ ಪಕ್ಕದಲ್ಲೇ ಇರುತ್ತಾಳೆ. ಬಗ್ಗುವುದು ಬೇಡ ಅಂತ ಮರದ ಕೆಳಗೆ ಬೆಂಚಿಟ್ಟು ಹಳೇ ಸೀರೆ ಹಾಸಿದ್ದೇವೆ. ರಾತ್ರಿ ಉದುರಿದ ಹೂವು ಅದರ ಮೇಲಿರುತ್ತದೆ. ನೆಲಕ್ಕೆ ಬಿದ್ದದ್ದೂ ಬೇಕು ಅಂತ ಅಜ್ಜಿಯ ಜಗಳ ಇನ್ನೂ ನಡೆದಿದೆ.

ನಮಸ್ಕಾರ.