ಹೈಟಿಯ ಗೆಲುವನ್ನು ಸೊಳ್ಳೆಗೆ ಕೊಡಬೇಡಿ

ನಮಸ್ಕಾರ ಸ್ನೇಹಿತರೇ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು, ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಕಾರಣ, ಹೋದ ವಿಡಿಯೋ ಕೆಳಗೆ ಬಂದ ಒಂದು ಕಾಮೆಂಟ್. ಹೈಟಿಯ ಸ್ವಾತಂತ್ರ್ಯದ ಬಗ್ಗೆ ನಾನು ಸ್ವಲ್ಪ ಹೇಳಿದ್ದೆ. ಅದಕ್ಕೆ ಒಬ್ಬರು, "ಸುಮ್ನೆ ಹೊಗಳಬೇಡಿ, ಫ್ರೆಂಚರನ್ನು ಸೋಲಿಸಿದ್ದು ಗುಲಾಮರಲ್ಲ, ಸೊಳ್ಳೆ" ಅಂತ ಬರೆದಿದ್ದಾರೆ. ಅಂದರೆ ಸೊಳ್ಳೆ ಹರಡಿದ ಹಳದಿ ಜ್ವರ ಅಂತ ಅವರ ಮಾತು. ಅದಕ್ಕೆ ಲೈಕ್ ಮೇಲೆ ಲೈಕ್. ಓದಿ ಮೈ ಉರಿದುಹೋಯಿತು.

ಮೊದಲೇ ಹೇಳಿಬಿಡುತ್ತೇನೆ. ಹೈಟಿಯಲ್ಲಿ ಗೆದ್ದಿದ್ದು ಹೈಟಿಯ ಜನ. ಸೊಳ್ಳೆ ಅಲ್ಲ.

ಆಗ ಆ ಜಾಗಕ್ಕೆ ಸಾಂ ದೊಮಿಂಗ್ ಅಂತ ಹೆಸರು. ಕೆರಿಬಿಯನ್ ಸಮುದ್ರದಲ್ಲಿದ್ದ ಫ್ರಾನ್ಸಿನ ವಸಾಹತು. ಯುರೋಪಿನವರು ಟೀ, ಕಾಫಿಗೆ ಹಾಕಿಕೊಳ್ಳುತ್ತಿದ್ದ ಸಕ್ಕರೆಯಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಹೋಗುತ್ತಿತ್ತು. ಸುಮಾರು 5 ಲಕ್ಷ ಗುಲಾಮರು. ಅವರಲ್ಲಿ ಬಹಳಷ್ಟು ಜನ ಆಫ್ರಿಕಾದಲ್ಲೇ ಹುಟ್ಟಿ, ಹಡಗಿನಲ್ಲಿ ಸಾಗಿಸಲ್ಪಟ್ಟವರು. ಕಬ್ಬಿನ ಗದ್ದೆಗಳಲ್ಲಿ ಎಷ್ಟು ಜನ ಸಾಯುತ್ತಿದ್ದರು ಅಂದರೆ, ವರ್ಷವರ್ಷವೂ ಹೊಸಬರನ್ನು ಕೊಂಡು ತರದೆ ಕೆಲಸ ನಡೆಯುತ್ತಿರಲಿಲ್ಲ.

1791ರ ಆಗಸ್ಟ್‌ನಲ್ಲಿ ಉತ್ತರದ ಬಯಲಲ್ಲಿ ಇವರು ಎದ್ದರು. ಗದ್ದೆ ಸುಟ್ಟರು, ಗಾಣದ ಮನೆ ಸುಟ್ಟರು. ಎರಡು ವರ್ಷದಲ್ಲಿ ಫ್ರೆಂಚ್ ಅಧಿಕಾರಿಗಳೇ ಅಲ್ಲಿ ಗುಲಾಮಗಿರಿ ರದ್ದು ಅಂತ ಸಾರಬೇಕಾಯಿತು. 1794ರಲ್ಲಿ ಪ್ಯಾರಿಸ್ ಕೂಡ ಒಪ್ಪಿತು, ಎಲ್ಲ ವಸಾಹತುಗಳಿಗೂ ಸೇರಿಸಿ. ಆ ರಾತ್ರಿ ಪಂಜು ಹಿಡಿದಿದ್ದು ಸೊಳ್ಳೇನಾ? ಪ್ಯಾರಿಸ್‌ನಲ್ಲಿ ಕಾನೂನು ಬದಲಾಯಿಸಿದ್ದು ಸೊಳ್ಳೇನಾ? ಹೇಳಿ ಸ್ವಾಮಿ.

"ನಾವು ಹೇಳಿದ್ದು 1802ರ ಮಾತು" ಅಂತೀರಿ. ಸರಿ, ಅಲ್ಲಿಗೇ ಬರೋಣ.

ನಮ್ಮ ಕಡೆ ನೆಪೋಲಿಯನ್ ಅಂದರೆ ಟಿಪ್ಪುಗೆ ಪತ್ರ ಬರೆದವನು ಅಂತ ಒಂದು ಪ್ರೀತಿ ಇದೆ. 1799ರಲ್ಲಿ ಈಜಿಪ್ಟಿನಿಂದ ಬರೆದ, ಇಂಗ್ಲಿಷರ ಸಂಕೋಲೆಯಿಂದ ನಿಮ್ಮನ್ನು ಬಿಡಿಸುತ್ತೇನೆ ಅಂತ. ಅದೇ ನೆಪೋಲಿಯನ್ ಮೂರೇ ವರ್ಷದಲ್ಲಿ ಏನು ಮಾಡಿದ ಗೊತ್ತಾ? ತಂಗಿಯ ಗಂಡ ಲೆಕ್ಲೆರ್ಕ್‌ನ ಕೈಯಲ್ಲಿ ದೊಡ್ಡ ಸೈನ್ಯ ಕೊಟ್ಟು ಈ ಜನರನ್ನು ಬಗ್ಗುಬಡಿಯಲು ಕಳಿಸಿದ. ಇದು ನಮ್ಮ ಪಠ್ಯದಲ್ಲಿ ಯಾಕಿಲ್ಲ ಅನ್ನೋದು ಇನ್ನೊಂದು ದಿನದ ಜಗಳ.

ಮಾರ್ಚ್ 1802, ಕ್ರೆತ್ ಅ ಪಿಯೆರೊ ಅನ್ನೋ ಸಣ್ಣ ಕೋಟೆ. ಒಳಗೆ ಸಾವಿರದ ಆಸುಪಾಸು ಜನ, ಹೊರಗೆ ಹತ್ತಿರ ಹತ್ತಿರ ಹತ್ತರಷ್ಟು ಫ್ರೆಂಚರು. ಒಳಗಿದ್ದವರ ಸೇನಾನಿ ದೆಸಲೀನ್ ಮದ್ದಿನ ಪೀಪಾಯಿಯ ಪಕ್ಕ ಉರಿಯುವ ಕೊಳ್ಳಿ ಹಿಡಿದು ನಿಂತು, ಫ್ರೆಂಚರು ಒಳಗೆ ಬಂದರೆ ಕೋಟೆಯನ್ನೇ ಹಾರಿಸಿಬಿಡುತ್ತೇನೆ ಅಂದ. ರಾತ್ರಿ ಒಳಗಿನಿಂದ ಹಾಡು ಕೇಳುತ್ತಿತ್ತಂತೆ. ಯಾವ ಹಾಡು? ಫ್ರೆಂಚ್ ಕ್ರಾಂತಿಯದೇ ಹಾಡು! ನ್ಯಾಯ ಯಾರ ಕಡೆ ಇದೆ ಅಂತ ಹೊರಗಿದ್ದ ಸೈನಿಕರಿಗೇ ಅನುಮಾನ ಬಂದಿತ್ತು ಅಂತ ಅವರದೇ ಅಧಿಕಾರಿಯೊಬ್ಬ ಬರೆದಿಟ್ಟಿದ್ದಾನೆ. ಕೊನೆಗೆ ಒಳಗಿದ್ದವರು ಮುತ್ತಿಗೆ ಸೀಳಿಕೊಂಡು ಹೊರಗೆ ಹೋದರು. ಅಷ್ಟರಲ್ಲಿ ಫ್ರೆಂಚರ ಕಡೆ ಸಾವಿರಕ್ಕೂ ಜಾಸ್ತಿ ಜನ ಬಿದ್ದಿದ್ದರು. ಜ್ವರದ ಕಾಲ ಇನ್ನೂ ಶುರುವೇ ಆಗಿರಲಿಲ್ಲ!

ಹಳದಿ ಜ್ವರ ಬಂದಿದ್ದು ನಿಜ. ಸಾವಿರಾರು ಸೈನಿಕರು ಸತ್ತರು, ಲೆಕ್ಲೆರ್ಕ್ ಕೂಡ ನವೆಂಬರ್‌ನಲ್ಲಿ ಅದರಲ್ಲೇ ಸತ್ತ. ಅದನ್ನು ಹರಡಿದ್ದು ಈಡಿಸ್ ಸೊಳ್ಳೆ, ಇವತ್ತು ನಮ್ಮ ಬೀದಿಯಲ್ಲಿ ಡೆಂಗ್ಯೂ ತರುವ ಅದೇ ಸೊಳ್ಳೆ. ಆದರೆ ಈ ಜನರ ಮುಖ್ಯ ನಾಯಕ ತೂಸಾಂ ಲುವೆರ್ತ್ಯೂರ್ ಆ ಫೆಬ್ರುವರಿಯಲ್ಲೇ ದೆಸಲೀನ್‌ಗೆ ಪತ್ರ ಬರೆದಿದ್ದ. ಮಳೆಗಾಲ ಬಂದು ಶತ್ರುಗಳನ್ನು ತೊಲಗಿಸುತ್ತದೆ, ಅಲ್ಲಿಯವರೆಗೆ ನಾಶ ಮತ್ತು ಬೆಂಕಿಯೇ ನಮ್ಮ ಆಯುಧ ಅನ್ನೋದು ಅದರ ಸಾರ. ಸೊಳ್ಳೆಯಿಂದ ಜ್ವರ ಬರುತ್ತದೆ ಅಂತ ವಿಜ್ಞಾನಿಗಳು ಸಾಬೀತು ಮಾಡಿದ್ದು ಸುಮಾರು ನೂರು ವರ್ಷ ಆದ ಮೇಲೆ. ಇವನಿಗೆ ಸೊಳ್ಳೆ ವಿಷಯ ಗೊತ್ತಿಲ್ಲದಿದ್ದರೂ ಕಾಲ ಗೊತ್ತಿತ್ತು, ಆ ಕಾಲ ಬರುವ ತನಕ ಶತ್ರುವನ್ನು ಬೆಟ್ಟದಿಂದ ಬೆಟ್ಟಕ್ಕೆ ಓಡಾಡಿಸಿ ಸುಸ್ತು ಮಾಡಬೇಕು ಅಂತ ಲೆಕ್ಕ ಹಾಕಿದ್ದ. ರೋಹಿಣಿ ಮಳೆ ನೋಡಿ ಬಿತ್ತಿದ ರೈತನಿಗೆ "ಬೆಳೆ ನಿನ್ನದಲ್ಲ, ಮಳೆಯದು" ಅಂತೀರಾ?

ಇನ್ನೊಂದು ವಿಷಯ. ಆ ವರ್ಷ ಮೇ ಹೊತ್ತಿಗೆ ತೂಸಾಂ ಶರಣಾಗಿದ್ದ. ಆಮೇಲೆ ಅವನನ್ನು ಮೋಸದಿಂದ ಹಿಡಿದು ಫ್ರಾನ್ಸಿಗೆ ಸಾಗಿಸಿದರು, ಮರುವರ್ಷ ಏಪ್ರಿಲ್‌ನಲ್ಲಿ ಚಳಿಯ ಸೆರೆಮನೆಯಲ್ಲಿ ಸತ್ತ. ದೆಸಲೀನ್ ಕೂಡ ಶರಣಾಗಿ ಆಗ ಫ್ರೆಂಚರ ಕೈಕೆಳಗೇ ಇದ್ದ. ಯುದ್ಧ ಮುಗಿದೇ ಹೋಗಿತ್ತು ಅನ್ನಿ. ಮತ್ತೆ ಹೊತ್ತಿಸಿದ್ದು ಒಂದು ಸುದ್ದಿ. ಕೆರಿಬಿಯನ್‌ನಲ್ಲೇ ಇದ್ದ ಇನ್ನೊಂದು ಫ್ರೆಂಚ್ ವಸಾಹತು ಗ್ವಾಡೆಲೂಪ್ ದ್ವೀಪದಲ್ಲಿ ಫ್ರೆಂಚರು ಗುಲಾಮಗಿರಿ ವಾಪಸ್ ತಂದರು ಅನ್ನೋ ಸುದ್ದಿ. ಊರೂರಲ್ಲಿ ಜನ ಬಂದೂಕು ಒಪ್ಪಿಸದೆ ಬೆಟ್ಟ ಹತ್ತಿದರು. ಅಕ್ಟೋಬರ್‌ನಲ್ಲಿ ಪೆತ್ಯೋಂ, ದೆಸಲೀನ್‌ರಂಥ ಸೇನಾನಿಗಳು ಫ್ರೆಂಚರನ್ನು ಬಿಟ್ಟು ಇತ್ತ ಬಂದರು. ಬೆಟ್ಟದಲ್ಲಿರುವ ಕಪ್ಪು ಗಂಡಸರು, ಹೆಂಗಸರು ಎಲ್ಲರನ್ನೂ ಮುಗಿಸಬೇಕು, 12 ವರ್ಷದ ಒಳಗಿನ ಮಕ್ಕಳನ್ನು ಮಾತ್ರ ಉಳಿಸಬೇಕು ಅಂತ ಲೆಕ್ಲೆರ್ಕ್ ನೆಪೋಲಿಯನ್‌ಗೆ ಬರೆದಿದ್ದು ಅದೇ ತಿಂಗಳು. ಸೊಳ್ಳೆಗೆ ಹೆದರಿದವನು ಬರೆಯೋ ಪತ್ರಾನಾ ಇದು? ಜನಕ್ಕೆ ಹೆದರಿದವನು ಬರೆದಿದ್ದು! ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಈಗ ಇನ್ಯಾರೋ "ಬ್ರಿಟಿಷ್ ನೌಕಾಪಡೆ ಫ್ರೆಂಚರ ಬಂದರುಗಳನ್ನು ಮುಚ್ಚಿದ್ದಕ್ಕೆ ಇವರು ಗೆದ್ದರು" ಅಂತ ಬರುತ್ತಾರೆ. ಅಯ್ಯೋ, ಅದೇ ಬ್ರಿಟಿಷರು 1793ರಲ್ಲಿ ಅಲ್ಲಿಗೆ ದಂಡೆತ್ತಿ ಬಂದು, ಐದು ವರ್ಷ ಹೆಣಗಾಡಿ, 1798ರಲ್ಲಿ ತೂಸಾಂ ಜೊತೆ ಒಪ್ಪಂದ ಮಾಡಿಕೊಂಡು ವಾಪಸ್ ಹೋದವರು. ಮುಂದೆ ಹೋಗೋಣ.

18 ನವೆಂಬರ್ 1803, ವೆರ್ತಿಯೆರ್ ಅನ್ನೋ ಜಾಗದಲ್ಲಿ ಕೊನೆಯ ದೊಡ್ಡ ಕಾಳಗ. ಹೈಟಿಯವರ ಕಡೆಯ ಕಪ್ವಾ ಅನ್ನೋ ಅಧಿಕಾರಿ ಗುಂಡಿನ ಮಳೆಯಲ್ಲಿ ಗುಡ್ಡ ಹತ್ತುತ್ತಿದ್ದಾನೆ. ಕುದುರೆಗೆ ಗುಂಡು ಬಿತ್ತು. ಎದ್ದು ಕತ್ತಿ ಹಿಡಿದು ಮತ್ತೆ ಮುಂದೆ. ಇನ್ನೊಂದು ಗುಂಡಿಗೆ ಟೋಪಿ ಹಾರಿತು. ಮತ್ತೆ ಮುಂದೆ. ಫ್ರೆಂಚರ ಕಡೆಯಿಂದ ನಗಾರಿ ಬಾರಿಸಿ ಗುಂಡು ನಿಲ್ಲಿಸಿದರು, ಒಬ್ಬ ಸವಾರ ಬಂದು ಅವನಿಗೆ ತಮ್ಮ ಸೇನಾಪತಿಯ ಮೆಚ್ಚುಗೆ ತಿಳಿಸಿ ಹೋದ ಅಂತ ಹೈಟಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಆರು ವಾರದಲ್ಲಿ, 1 ಜನವರಿ 1804ಕ್ಕೆ ಹೈಟಿ ಸ್ವತಂತ್ರ. ಎದುರಿಗಿದ್ದ ಶತ್ರು ಕೂಡ ಯಾರನ್ನು ಮೆಚ್ಚಿದ? ಮನುಷ್ಯನನ್ನು!

ಬಿಳಿಯರು ಗೆದ್ದರೆ ಶೌರ್ಯ, ತಂತ್ರ, ನಾಯಕತ್ವ. ಕಪ್ಪು ಜನ ಗೆದ್ದರೆ ಸೊಳ್ಳೆ. ನನಗೆ ಸಿಟ್ಟು ಬರೋದು ಇಲ್ಲೇ. ಇಷ್ಟು ಹೇಳಿದ ಮೇಲೂ "ಆದರೂ ಸೊಳ್ಳೆ" ಅನ್ನೋರಿಗೆ ನನ್ನ ಹತ್ತಿರ ಇನ್ನೇನೂ ಇಲ್ಲ. ಸೊಳ್ಳೆ ಅಲ್ಲ. ಜನ. ಜನ!

ಮುಂದಿನ ವಿಡಿಯೋ 1825ರದು. ಫ್ರಾನ್ಸ್ ಯುದ್ಧದ ಹಡಗುಗಳನ್ನು ತಂದು ನಿಲ್ಲಿಸಿ, ನಿಮ್ಮನ್ನು ಸ್ವತಂತ್ರರು ಅಂತ ಒಪ್ಪಬೇಕಾದರೆ 15 ಕೋಟಿ ಫ್ರಾಂಕ್ ಕೊಡಿ ಅಂತ ಹೈಟಿಯ ಕತ್ತು ಹಿಡಿದ ಕಥೆ. ಗೆದ್ದಿದ್ದು ಸೊಳ್ಳೆಯಾದರೆ ಬಿಲ್ ಜನಕ್ಕೆ ಯಾಕೆ ಕಳಿಸಿದರು? ಆ ಸಾಲದ ಬಾಲ 1947ರವರೆಗೂ ಬಿಡಲಿಲ್ಲ. ಕನ್ನಡದಲ್ಲಿ ಇದನ್ನು ಕೂತು ಹೇಳೋರು ಕಡಿಮೆ, ಅದಕ್ಕೇ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ, ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಅವರಿಗೂ ತೋರಿಸಿ. ಕಾಮೆಂಟ್ ಹಾಕಿದವರೇ, ನೀವೂ ಬನ್ನಿ, ಉತ್ತರ ಬರೆಯಿರಿ, ಓದುತ್ತೇನೆ.